ಯಂತ್ರಕ್ಕೊಂದು ವಿಳಾಸ

ಬಾಡಿಗೆಯ ಮನೆ ಬಿಟ್ಟು ಬೇರೊಂದು ಮನೆಗೆ ಹೋದವರು ಹೊಸ ವಿಳಾಸವನ್ನು ಅಂಚೆಯವನಿಗೆ ತಿಳಿಸಿದರೆ ಸಾಕು; ಅದಕ್ಕಾಗಿ ಯಾರೂ ಒಮ್ಮೆ ಸತ್ತು ಹುಟ್ಟಬೇಕಾಗಿಲ್ಲ. ಆದರೆ ಕಂಪ್ಯೂಟರುಗಳಲ್ಲಿ ಬಹುಪಾಲಿಗೆ ಈ ಸೌಲಭ್ಯ ತಡವಾಗಿ ಒದಗಿತು.

ನಾನು ಎಂ.ಎ. ಓದುತ್ತಿದ್ದ ಕಾಲ. ನಾಲ್ಕು ಯಂತ್ರಗಳಿದ್ದ ಒಂದು ಅಂಗಡಿಯಲ್ಲಿ ಕುಳಿತು ಕಿರುಪ್ರಬಂಧವನ್ನು ಟೈಪು ಮಾಡುತ್ತಿದ್ದೆ. ಅಂಗಡಿಯ ಹುಡುಗ ಬಂದು ಯಂತ್ರದ ಜಾಲವಿಳಾಸದಲ್ಲಿ ಕೊನೆಯ ಅಂಕಿಯೊಂದನ್ನು ತಿದ್ದಿದ. ಮತ್ತೆ ಆರಂಭಿಸಲೇ ಎಂದು ಯಂತ್ರ ಕೇಳಿತು, ಅವನು ಹೂಂಗುಟ್ಟಿದ. ಬರೆದುದನ್ನು ಉಳಿಸಬೇಕೇ ಎಂದೂ ಕೇಳಿತು, ಆತುರದಲ್ಲಿ ಬೇಡವೆಂದ. ನನ್ನ ಎರಡು ಪುಟ ಹೋದುವು. ಒಂದು ಅಂಕಿಗೆ ಎರಡು ಪುಟದ ಬೆಲೆಯೇ ಎಂದು ಅಂದು ಹುಟ್ಟಿದ ಪ್ರಶ್ನೆ ನನ್ನನ್ನು ಈ ಚರಿತ್ರೆಯತ್ತ ಎಳೆಯಿತು.

೧೯೬೯ರ ಕೊನೆಯಲ್ಲಿ ಅಮೆರಿಕದ ಆರ್ಪಾನೆಟ್ ಜಾಲದಲ್ಲಿ ಇದ್ದುದು ನಾಲ್ಕೇ ನೆಲೆಗಳು. ಕೇರಿ ಚಿಕ್ಕದಾದಾಗ ವಿಳಾಸದ ಗೋಜು ಹೆಚ್ಚಿರುವುದಿಲ್ಲವಷ್ಟೆ. ಜಾಲ ಬೆಳೆದಂತೆ ಯಂತ್ರಗಳ ಹೆಸರು ಮತ್ತು ವಿಳಾಸಗಳ ಪಟ್ಟಿಯೊಂದನ್ನು ಕ್ಯಾಲಿಫೋರ್ನಿಯದಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಕಾಯ್ದುಕೊಂಡು ಬಂತು. ೧೯೮೧ರಲ್ಲಿ ಜಾನ್ ಪೋಸ್ಟೆಲ್ ಸಂಪಾದಿಸಿದ ನಿಯಮಾವಳಿ ವಿಳಾಸಕ್ಕೆ ೩೨ ಬಿಟ್ಟುಗಳ ಅಳತೆಯನ್ನು ಗೊತ್ತುಮಾಡಿತು. ಅದರಿಂದ ದೊರೆಯುವ ವಿಳಾಸಗಳು ಸುಮಾರು ೪೨೯ ಕೋಟಿ. ೧೯೮೩ರ ಜನವರಿ ೧ರಂದು ಆರ್ಪಾನೆಟ್ ಹಳೆಯ ಪದ್ಧತಿಯನ್ನು ಕೈಬಿಟ್ಟು ಇದಕ್ಕೆ ತಿರುಗಿತು.

ಅದೇ ವರ್ಷ ಬರ್ಕ್ಲಿ ವಿಶ್ವವಿದ್ಯಾನಿಲಯದಿಂದ ಹೊರಬಂದ ಯೂನಿಕ್ಸ್ ವ್ಯವಸ್ಥೆಯಲ್ಲಿ 'ಇಫ್‌ಕಾನ್ಫಿಗ್' ಎಂಬ ಅಪ್ಪಣೆ ಇತ್ತು. ಒಂದು ಸಾಲು ಬರೆದರೆ ಓಡುತ್ತಿರುವ ಯಂತ್ರದ ವಿಳಾಸ ಬದಲಾಗುತ್ತಿತ್ತು. ಅಂದಮೇಲೆ ವಿದ್ಯೆ ತಿಳಿಯದೆ ಇರಲಿಲ್ಲ. ಆ ಯಂತ್ರ ಛತ್ರದಂತೆ. ಅದರಲ್ಲಿ ಹತ್ತಾರು ಜನ ಒಟ್ಟಿಗೆ ಕೆಲಸ ಮಾಡುತ್ತಿದ್ದರು. ಒಬ್ಬನ ಹಾಸಿಗೆ ಬದಲಿಸಲು ಛತ್ರವನ್ನೇ ಖಾಲಿ ಮಾಡಿಸಲಾದೀತೆ?

ಮನೆಯ ಮೇಜಿನ ಕಂಪ್ಯೂಟರಿನಲ್ಲಿ ಕುಳಿತವನು ಒಬ್ಬನೇ. ವಿಂಡೋಸ್ ೯೫ ಮತ್ತು ೯೮ರಲ್ಲಿ ಕೈಯಿಂದ ವಿಳಾಸ ತಿದ್ದಿದರೆ ಯಂತ್ರವನ್ನು ಮತ್ತೆ ಆರಂಭಿಸಬೇಕಾಗುತ್ತಿತ್ತು. ಏಳುವಾಗ ಒಮ್ಮೆ ಓದಿಕೊಂಡ ವಿಳಾಸವನ್ನೇ ಅದು ನೆಚ್ಚಿರುತ್ತಿತ್ತು. ನಡುವೆ ಬದಲಾದರೆ ಅದನ್ನು ಹಿಡಿದ ಭಾಗಗಳಿಗೆಲ್ಲ ಸುದ್ದಿ ಮುಟ್ಟಿಸಬೇಕು. ಅದಕ್ಕಿಂತ ಎಲ್ಲರನ್ನೂ ಮಲಗಿಸಿ ಎಬ್ಬಿಸುವುದು ಸುಲಭ. ಮಾಡಿದವರ ಶ್ರಮ ಉಳಿಯಿತು. ಬಳಸುವವನ ಹೊತ್ತು ಹೋಯಿತು. ೨೦೦೦ದಲ್ಲಿ ಬಂದ ವಿಂಡೋಸ್ ೨೦೦೦ ಈ ಕಟ್ಟಳೆಯನ್ನು ತೆಗೆದುಹಾಕಿತು.

ಇಷ್ಟರಲ್ಲಿ ವಿಳಾಸವನ್ನು ಕೈಯಿಂದ ಬರೆಯುವ ಅಗತ್ಯವೇ ಕಡಮೆಯಾಗುತ್ತ ಬಂದಿತ್ತು. ೧೯೯೩ರಲ್ಲಿ ರಾಲ್ಫ್ ಡ್ರೋಮ್ಸ್ ಅವರು ಬರೆದು ಪ್ರಕಟವಾದ ಡಿಎಚ್‌ಸಿಪಿ ನಿಯಮದಂತೆ, ಯಂತ್ರ ಜಾಲಕ್ಕೆ ಬಂದು 'ಎಡೆಯುಂಟೇ?' ಎಂದು ಕೂಗುತ್ತದೆ; ಅಲ್ಲಿಯ ಪಾರುಪತ್ಯಗಾರ ಖಾಲಿಯಿರುವ ವಿಳಾಸವೊಂದನ್ನು ಗೊತ್ತಾದ ಅವಧಿಗೆ ಗುತ್ತಿಗೆ ಕೊಡುತ್ತಾನೆ. ಅವಧಿ ತೀರುವ ಮುನ್ನ ಯಂತ್ರವೇ ಕೇಳಿ ಮುಂದುವರಿಸಿಕೊಳ್ಳುತ್ತದೆ. ಮನೆಯ ವೈಫೈ ಬಿಟ್ಟು ಬೀದಿಗಿಳಿದಾಗ ನಮ್ಮ ಜೇಬಿನ ಫೋನಿನ ವಿಳಾಸ ಬದಲಾಗುತ್ತದೆ; ನಾವು ಅರಿಯೆವು.

ಆದರೂ ಒಂದು ತೊಡಕು ಉಳಿಯಿತು. ಎರಡು ಯಂತ್ರಗಳ ಮಾತುಕತೆಯನ್ನು ಹಳೆಯ ನಿಯಮ ಎರಡು ಕಡೆಯ ವಿಳಾಸಗಳಿಂದಲೇ ಗುರುತಿಸುತ್ತದೆ. ನಡುವೆ ವಿಳಾಸ ಬದಲಾದರೆ ಮಾತು ಕಡಿದುಹೋಗುತ್ತದೆ. ೨೦೨೧ರಲ್ಲಿ ಪ್ರಮಾಣವಾಗಿ ಪ್ರಕಟವಾದ 'ಕ್ವಿಕ್' ಎಂಬ ನಿಯಮ ಮಾತುಕತೆಗೇ ಬೇರೊಂದು ಗುರುತು ಕೊಟ್ಟಿತು. ಊರು ಬದಲಾದರೂ ದನಿಯಿಂದಲೇ ಗೆಳೆಯನನ್ನು ಗುರುತು ಹಿಡಿದಂತೆ ಇದು. ಇರುವ ಜಾಗ ಬೇರೆ, ಇರುವವನು ಬೇರೆ ಎಂಬ ಈ ವಿವೇಕ ಯಂತ್ರಲೋಕಕ್ಕೆ ನಿಧಾನವಾಗಿ ಬಂತು.

ಹೋದ ಎರಡು ಪುಟವನ್ನು ನಾನು ಮರುದಿನ ಮತ್ತೆ ಬರೆದೆ. ಮೊದಲು ಬರೆದುದೇ ಚೆನ್ನಾಗಿತ್ತೆಂದು ಈಗಲೂ ಅನ್ನಿಸುತ್ತದೆ.