ಕಟ್ಟಡಗಳ ನಡುವಯಸ್ಸು

ಮನುಷ್ಯರಿಗಿರುವಂತೆ ಕಟ್ಟಡಗಳಿಗೂ ಬಾಲ್ಯ, ಯೌವನ, ಮುಪ್ಪುಗಳುಂಟು. ಹೊಸದಾಗಿದ್ದಾಗ ಕಟ್ಟಡವನ್ನು ನೋಡಲು ಜನ ಬರುತ್ತಾರೆ. ನೂರಾರು ವರ್ಷ ಕಳೆದ ಮೇಲೆ ಅದಕ್ಕೆ ಕೈಮುಗಿಯಲೂ ಬರುತ್ತಾರೆ. ಇವೆರಡರ ನಡುವೆ, ಗೋಡೆಯ ಬಣ್ಣ ಮಾಸಿ, ತಾರಸಿ ಸೋರತೊಡಗಿ, ಕಟ್ಟಿಸಿದವರು ತೀರಿಕೊಂಡು, ಮೆಚ್ಚುವವರು ಇನ್ನೂ ಹುಟ್ಟದಿರುವ ಕಾಲವೊಂದಿದೆ. ಅದೇ ಗಂಡಾಂತರದ ಕಾಲ. ಸ್ವಾತಂತ್ರ್ಯ ಬಂದ ಮೊದಲ ಮೂರು ದಶಕಗಳಲ್ಲಿ ನಮ್ಮ ದೇಶದಲ್ಲಿ ಎದ್ದುನಿಂತ ಕಟ್ಟಡಗಳಿಗೆ ಈಗ ಒದಗಿರುವುದು ಈ ನಡುವಯಸ್ಸು. ಅವನ್ನು ಉಳಿಸಬೇಕೆ, ಕೆಡವಬೇಕೆ ಎಂಬ ವಾದ ಇತ್ತೀಚಿನ ವರ್ಷಗಳಲ್ಲಿ ಬಿರುಸಾಗಿ ನಡೆದಿದೆ. ಈ ವಾದವನ್ನು ಸರಿಯಾಗಿ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಸ್ವತಂತ್ರ ಭಾರತ ಯಾವ ರೂಪದ ಕಟ್ಟಡಗಳನ್ನು ಕಟ್ಟಿಕೊಳ್ಳಬೇಕು? ಈ ಪ್ರಶ್ನೆಗೆ ೧೯೫೧ರಲ್ಲಿ ಎರಡು ಊರುಗಳಿಂದ ಎರಡು ಉತ್ತರಗಳು ಹೊರಟವು. ಆ ವರ್ಷದ ಜುಲೈ ೧೩ರಂದು ಬೆಂಗಳೂರಿನಲ್ಲಿ ನೆಹರೂ ಅವರು ವಿಧಾನಸೌಧದ ಅಡಿಗಲ್ಲನ್ನಿಟ್ಟರು. ಅದೇ ವರ್ಷ ಫ್ರಾನ್ಸಿನಿಂದ ಬಂದ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಚಂಡೀಗಢದ ನಕ್ಷೆಯನ್ನು ಕೈಗೆತ್ತಿಕೊಂಡ. ಲಾಹೋರ್ ಪಾಕಿಸ್ತಾನದ ಪಾಲಾದ ಮೇಲೆ ಪಂಜಾಬಿಗೆ ರಾಜಧಾನಿಯೇ ಇರಲಿಲ್ಲ. ಬಯಲಿನಲ್ಲಿ ಹೊಸ ಊರನ್ನೇ ಎಬ್ಬಿಸಬೇಕಾಗಿತ್ತು.

ಬೆಂಗಳೂರಿನ ಉತ್ತರ ನಮಗೆ ಚಿರಪರಿಚಿತ. ಇಲ್ಲಿನ ಪಾಶ್ಚಾತ್ಯ ಮಾದರಿಯ ಕಟ್ಟಡಗಳನ್ನು ಕಂಡು, ನಿಮ್ಮದೇ ಆದ ವಾಸ್ತುಶಿಲ್ಪವಿಲ್ಲವೆ ಎಂದು ರಷ್ಯಾದ ನಿಯೋಗವೊಂದು ಕೇಳಿತೆಂದೂ, ಕೆಂಗಲ್ ಹನುಮಂತಯ್ಯನವರ ಮನಸ್ಸಿಗೆ ಆ ಮಾತು ನಾಟಿತೆಂದೂ ಹೇಳುವುದುಂಟು. ೧೯೫೬ರ ಹೊತ್ತಿಗೆ ಕಬ್ಬನ್ ಪಾರ್ಕಿನ ಎದುರು ಕಣಶಿಲೆಯ ಕಂಬಸಾಲು, ಗುಮ್ಮಟ, ಕೆತ್ತನೆಯ ಬಾಗಿಲುಗಳ ಮಹಾಸೌಧ ಸಿದ್ಧವಾಯಿತು. ಖರ್ಚು ಹೆಚ್ಚಾಯಿತೆಂಬ ಆಕ್ಷೇಪಣೆ ಬಂದಿತಾದರೂ ಜನ ಅದನ್ನು ಮೊದಲ ದಿನದಿಂದಲೇ ತಮ್ಮದೆಂದುಕೊಂಡರು. ಅದು ಮಾತಾಡಿದ್ದು ದೇವಾಲಯಗಳಿಂದ ಅವರಿಗೆ ಪರಿಚಯವಾಗಿದ್ದ ಭಾಷೆ.

ಚಂಡೀಗಢದ ಕಟ್ಟಡಗಳು ಹಾಗಲ್ಲ. ಅಲ್ಲಿನ ಉಚ್ಚ ನ್ಯಾಯಾಲಯ, ಸಚಿವಾಲಯ, ವಿಧಾನಸಭೆಗಳು ಗಾರೆಯನ್ನಾಗಲಿ ಕೆತ್ತನೆಯನ್ನಾಗಲಿ ಹೊದೆಯದೆ ಬರಿಯ ಕಾಂಕ್ರೀಟಿನಲ್ಲಿ ನಿಂತವು. ಅಚ್ಚಿನ ಹಲಗೆಗಳ ಗುರುತು ಕೂಡ ಗೋಡೆಯ ಮೇಲೆ ಹಾಗೆಯೇ ಉಳಿಯಿತು. ಈ ಊರು ನೋಡುವವನ ತಲೆಗೆ ಪೆಟ್ಟು ಕೊಟ್ಟು ಯೋಚಿಸುವಂತೆ ಮಾಡುತ್ತದೆ ಎಂಬರ್ಥದ ಮಾತನ್ನು ನೆಹರೂ ಆಡಿದ್ದರು. ಕನ್ನಡದ ಓದುಗರಿಗೆ ಇದನ್ನು ಸುಲಭವಾಗಿ ಹೇಳುವುದಾದರೆ, ಸುಮಾರು ಅದೇ ಕಾಲದಲ್ಲಿ ನಮ್ಮ ಕಾವ್ಯದಲ್ಲಿ ನವ್ಯ ಪಂಥ ತಲೆಯೆತ್ತಿದುದನ್ನು ನೆನೆಯಬಹುದು. ಪ್ರಾಸ, ಲಾಲಿತ್ಯಗಳಿಗೆ ಒಗ್ಗಿದ್ದ ಕಿವಿಗೆ ಗೋಪಾಲಕೃಷ್ಣ ಅಡಿಗರ ಪದ್ಯ ಒರಟಾಗಿ ಕೇಳಿಸಿತು. ಇಂದು ಅದು ತರಗತಿಯ ಪಠ್ಯ. ಕವಿತೆಗೆ ಕಾಯುವ ಅವಕಾಶವಿತ್ತು, ಕಾಯಿತು, ಗೆದ್ದಿತು. ಕಟ್ಟಡಕ್ಕೆ ಆ ಅವಕಾಶ ಸಿಕ್ಕೇ ಸಿಗುತ್ತದೆಂದು ಹೇಳುವಂತಿಲ್ಲ.

ದೆಹಲಿಯ ಪ್ರಗತಿ ಮೈದಾನದಲ್ಲಿದ್ದ ರಾಷ್ಟ್ರಗಳ ಸಭಾಂಗಣದ, ಎಂದರೆ ಹಾಲ್ ಆಫ್ ನೇಷನ್ಸ್‌ನ, ಕಥೆ ಇದಕ್ಕೆ ನಿದರ್ಶನ. ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರ್ಷವಾದ ೧೯೭೨ರಲ್ಲಿ ನಡೆದ ಏಷ್ಯಾ ವ್ಯಾಪಾರ ಮೇಳಕ್ಕಾಗಿ ಅದನ್ನು ಕಟ್ಟಿದರು. ವಾಸ್ತುಶಿಲ್ಪಿ ರಾಜ್ ರೇವಾಲ್, ಇಂಜಿನಿಯರು ಮಹೇಂದ್ರ ರಾಜ್. ಎಪ್ಪತ್ತು ಮೀಟರಿಗೂ ಹೆಚ್ಚು ಅಗಲದ ಒಳಾಂಗಣದಲ್ಲಿ ಒಂದು ಕಂಬವೂ ಇರಲಿಲ್ಲ. ತ್ರಿಕೋನಗಳನ್ನು ಮೂರು ದಿಕ್ಕಿಗೂ ಹೆಣೆದು ಮಾಡಿದ ಜಾಲರಿಯೇ ಗೋಡೆ, ಅದೇ ಚಾವಣಿ. ಇಂಥ ಹೆಣಿಗೆಯನ್ನು ಬೇರೆ ದೇಶಗಳಲ್ಲಿ ಉಕ್ಕಿನಿಂದ ಮಾಡುತ್ತಿದ್ದರು. ನಮ್ಮಲ್ಲಿ ಆಗ ಉಕ್ಕು ದುಬಾರಿ, ಕೂಲಿಯ ಕೈಗಳು ಹೇರಳ. ಆದ್ದರಿಂದ ಆ ಜಾಲರಿಯನ್ನು ಕಾಂಕ್ರೀಟಿನಲ್ಲಿ, ನಿಂತ ಸ್ಥಳದಲ್ಲಿಯೇ ಅಚ್ಚು ಕಟ್ಟಿ, ಕಾರ್ಮಿಕರ ಕೈಯಿಂದ ಎರಕ ಹೊಯ್ಯಿಸಿದರು. ಅಷ್ಟು ದೊಡ್ಡ ಕಾಂಕ್ರೀಟಿನ ಜಾಲರಿ ಅದುವರೆಗೆ ಎಲ್ಲಿಯೂ ಎದ್ದಿರಲಿಲ್ಲ. ದೇಶೀಯತೆಯೆಂಬುದು ಗೋಪುರದ ಆಕಾರದಲ್ಲಿ ಮಾತ್ರ ಇರುವುದಲ್ಲ; ಇದ್ದುದರಲ್ಲಿಯೇ ಹಿರಿದನ್ನು ಸಾಧಿಸುವ ಕೈಯ ಜಾಣ್ಮೆಯಲ್ಲಿಯೂ ಇದೆಯೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಈ ಸಭಾಂಗಣವನ್ನು ೨೦೧೭ರ ಏಪ್ರಿಲ್ ತಿಂಗಳ ಒಂದು ರಾತ್ರಿ ಯಂತ್ರಗಳಿಂದ ಕೆಡವಿದರು. ದೇಶವಿದೇಶಗಳ ತಜ್ಞರು ಬೇಡಿಕೊಂಡಿದ್ದರು. ರೇವಾಲ್ ಅವರೇ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರು. ಪಾರಂಪರಿಕ ಕಟ್ಟಡವೆನಿಸಿಕೊಳ್ಳಲು ಅರುವತ್ತು ವರ್ಷವಾದರೂ ಆಗಿರಬೇಕೆಂದು ದೆಹಲಿಯ ಪರಂಪರೆ ಸಂರಕ್ಷಣಾ ಸಮಿತಿ ಹೇಳಿತು. ಸಭಾಂಗಣಕ್ಕೆ ಆಗ ನಲವತ್ತೈದು. ಪುರಾತನ ಸ್ಮಾರಕಗಳನ್ನು ಕುರಿತ ೧೯೫೮ರ ಕೇಂದ್ರ ಶಾಸನವಂತೂ ನೂರು ವರ್ಷವಾದುದನ್ನೇ ಪುರಾತನವೆನ್ನುತ್ತದೆ. ಅದೇ ಆವರಣದಲ್ಲಿ ಭಾರತ ಮಂಟಪವೆಂಬ ಹೊಸ ಸಭಾಭವನ ಎದ್ದು, ೨೦೨೩ರ ಸೆಪ್ಟೆಂಬರಿನಲ್ಲಿ ಇಪ್ಪತ್ತು ರಾಷ್ಟ್ರಕೂಟದ ಶೃಂಗಸಭೆ ಅಲ್ಲಿ ಜರುಗಿತು. ಇತ್ತ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯ ೨೦೨೨ರಲ್ಲಿ ದಕ್ಷಿಣ ಏಷ್ಯಾದ ಆಧುನಿಕ ವಾಸ್ತುಶಿಲ್ಪವನ್ನು ಕುರಿತು ಪ್ರದರ್ಶನ ನಡೆಸಿದಾಗ, ನಾವು ಕೆಡವಿದ ಸಭಾಂಗಣವನ್ನು ಅಲ್ಲಿನವರು ಚಿತ್ರಗಳಲ್ಲಿ ನೋಡಿದರು.

ಕೆಡವುವವರ ಕಡೆಯ ಮಾತನ್ನೂ ಕೇಳಬೇಕು, ಅದು ಪೊಳ್ಳಲ್ಲ. ಅಹಮದಾಬಾದಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟನ್ನೇ ನೋಡೋಣ. ಅಮೆರಿಕದ ಲೂಯಿ ಕಾನ್ ೧೯೬೨ರಲ್ಲಿ ವಹಿಸಿಕೊಂಡ ಕೆಲಸವದು. ಗಾರೆಯಿಲ್ಲದ ಇಟ್ಟಿಗೆಯ ಗೋಡೆಗಳು, ಅವುಗಳಲ್ಲಿ ಆಳೆತ್ತರ ಮೀರಿದ ವೃತ್ತಗಳು, ಕಮಾನುಗಳು. ೨೦೨೦ರ ಡಿಸೆಂಬರಿನಲ್ಲಿ ಆ ಸಂಸ್ಥೆ ಹದಿನೆಂಟು ವಿದ್ಯಾರ್ಥಿನಿಲಯಗಳಲ್ಲಿ ಹದಿನಾಲ್ಕನ್ನು ಕೆಡವಿ ಕಟ್ಟುವ ಯೋಚನೆಯನ್ನು ಹೊರಗೆಡಹಿತು. ಲೋಕದ ನಾನಾ ಕಡೆಗಳಿಂದ ಪ್ರತಿಭಟನೆ ಬಂದುದರಿಂದ ೨೦೨೧ರ ಜನವರಿಯ ಮೊದಲ ದಿನವೇ ಅದನ್ನು ಹಿಂತೆಗೆದುಕೊಂಡಿತು. ಆದರೆ ೨೦೨೨ರ ನವೆಂಬರಿನಲ್ಲಿ ನಿಲಯಗಳನ್ನು ಹೊಸದಾಗಿ ಕಟ್ಟುವ ತೀರ್ಮಾನವನ್ನು ಮತ್ತೆ ಪ್ರಕಟಿಸಿತು. ೨೦೦೧ರ ಭೂಕಂಪದಿಂದ ಪೆಟ್ಟು ಬಿದ್ದಿದೆ, ಇಟ್ಟಿಗೆ ಸವೆಯುತ್ತಿದೆ, ನೀರು ಇಳಿಯುತ್ತಿದೆ, ಒಳಗಿರುವ ಹುಡುಗರ ಜೀವ ಮುಖ್ಯ ಎಂಬುದು ಅವರ ವಾದ. ಮೇಲೆ ಚಾವಣಿಯ ಚಕ್ಕೆ ಬೀಳುವ ಕೋಣೆಯಲ್ಲಿ ಮಲಗುವವನಿಗೆ ವಾಸ್ತುಶಿಲ್ಪದ ಮಹಿಮೆಯನ್ನು ಬೋಧಿಸುವುದು ಸುಲಭವಲ್ಲ. ಆದರೂ ಅದೇ ಆವರಣದ ಗ್ರಂಥಾಲಯವನ್ನು ಅದಕ್ಕೆ ಮೊದಲೇ ನಿಪುಣರು ದುರಸ್ತಿ ಮಾಡಿದ್ದರು. ಆ ಕೆಲಸಕ್ಕೆ ೨೦೧೯ರಲ್ಲಿ ಯುನೆಸ್ಕೋದ ಪ್ರಶಸ್ತಿಯೂ ಬಂದಿತ್ತು. ಎಂದಮೇಲೆ ದುರಸ್ತಿ ಆಗದ ಮಾತಲ್ಲ. ದುಡ್ಡು, ತಾಳ್ಮೆಗಳನ್ನು ಬೇಡುವ ಮಾತು.

ವಸ್ತುವಿನ ಬೆಲೆ ಬದಲಾಗುವುದಕ್ಕೆ ಎಷ್ಟು ಹೊತ್ತು ಬೇಕು? ಚಂಡೀಗಢದ ಕಚೇರಿಗಳಿಗಾಗಿ ಕಾರ್ಬೂಸಿಯೆಯ ದಾಯಾದಿ ಪಿಯರ್ ಜನ್ನರೆ ರೂಪಿಸಿದ ಮರದ ಕುರ್ಚಿಗಳು ಹಳತಾದವೆಂದು ಮೂಲೆಗೆ ಬಿದ್ದವು, ಹರಾಜಿನಲ್ಲಿ ಚಿಲ್ಲರೆ ಕಾಸಿಗೆ ಹೋದವು. ಅವೇ ಕುರ್ಚಿಗಳನ್ನು ಈಗ ಯೂರೋಪು, ಅಮೆರಿಕಗಳ ಹರಾಜುಗಳಲ್ಲಿ ಲಕ್ಷಾಂತರ ರೂಪಾಯಿಗೆ ಕೊಳ್ಳುತ್ತಾರೆ. ಅಲ್ಲಿನ ರಾಜಧಾನಿ ಸಂಕೀರ್ಣವನ್ನು ೨೦೧೬ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಒಂದು ತಲೆಮಾರಿಗೆ ಗುಜರಿಯಾದದ್ದು ಮುಂದಿನ ತಲೆಮಾರಿಗೆ ನಿಧಿ.

ನಮ್ಮ ಊರಿಗೂ ಈ ಅನುಭವ ಹೊಸದಲ್ಲ. ವಿಧಾನಸೌಧದ ಎದುರಿಗಿರುವ ಅಠಾರಾ ಕಚೇರಿ ೧೮೬೮ರಲ್ಲಿ ಪೂರ್ಣಗೊಂಡದ್ದು. ನೂರು ದಾಟಿದ್ದರೂ ೧೯೮೦ರ ದಶಕದಲ್ಲಿ ಅದನ್ನು ಕೆಡವುವ ಮಾತು ಎದ್ದಿತು. ನಾಗರಿಕರು ಸುಮ್ಮನಿರಲಿಲ್ಲ, ನ್ಯಾಯಾಲಯಕ್ಕೂ ಹೋದರು, ಕಟ್ಟಡ ಉಳಿಯಿತು. ಇಂದು ಆ ಕೆಂಪು ಗೋಡೆಗಳಿಲ್ಲದ ಬೆಂಗಳೂರನ್ನು ಊಹಿಸಿಕೊಳ್ಳಲಾರೆವು. ವಯಸ್ಸು ಒಂದೇ ಕಟ್ಟಡವನ್ನು ಕಾಯಲಾರದು. ಊರಿನವರ ಪ್ರೀತಿಯೂ ಬೇಕು ಎಂಬುದೇ ಇದರ ಪಾಠ.

ಈಗ ಆ ಪ್ರೀತಿಯ ಪರೀಕ್ಷೆ ಬನ್ನೇರುಘಟ್ಟ ರಸ್ತೆಯಲ್ಲಿ ಎದುರಾಗಿದೆಯೆನ್ನಬಹುದು. ಕಾರ್ಬೂಸಿಯೆ, ಕಾನ್ ಇಬ್ಬರ ಬಳಿಯೂ ದುಡಿದು, ೨೦೧೮ರಲ್ಲಿ ಪ್ರಿಟ್ಸ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯರೆನಿಸಿದ ಬಾಲಕೃಷ್ಣ ದೋಶಿ ೨೦೨೩ರಲ್ಲಿ ತೀರಿಕೊಂಡರು. ಅವರು ರೂಪಿಸಿದ ನಮ್ಮ ಮ್ಯಾನೇಜ್‌ಮೆಂಟ್ ಸಂಸ್ಥೆಯ ಕಲ್ಲಿನ ಗೋಡೆಗಳೂ, ಬಳ್ಳಿ ಹಬ್ಬಿದ ಓಣಿಗಳೂ, ನೆರಳು ಬಿಸಿಲಿನ ಅಂಗಳಗಳೂ ಈಗ ನಡುವಯಸ್ಸಿನವು. ಅವಕ್ಕೆ ಸದ್ಯಕ್ಕೆ ಅಪಾಯವಿದೆಯೆಂದು ನಾನು ಹೇಳುತ್ತಿಲ್ಲ. ಅಪಾಯ ಬಂದ ಮೇಲೆ ಪ್ರೀತಿಸತೊಡಗಿದರೆ ತಡವಾಗುತ್ತದೆಂಬುದನ್ನು ದೆಹಲಿ ನಮಗೆ ತೋರಿಸಿಕೊಟ್ಟಿದೆ.

ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಓಲೆಗರಿಗಳಲ್ಲಿ ಸಾವಿರ ವರ್ಷ ಮಲಗಿದ್ದು ೧೮೯೮ರಲ್ಲಿ ಅಚ್ಚಾಯಿತು. ಯಾರೂ ಓದದ ಕಾಲದಲ್ಲಿಯೂ ಅದು ಯಾವುದೋ ಅಟ್ಟದ ಮೇಲೆ ಯಾರಿಗೂ ಅಡ್ಡಿಯಾಗದೆ ಇರಬಹುದಾಗಿತ್ತು. ಕಟ್ಟಡ ಅಟ್ಟದ ಮೇಲೆ ಇರಲಾರದು. ಅದು ಬೆಲೆಬಾಳುವ ನೆಲದ ಮೇಲೆ, ಎಲ್ಲರ ಕಣ್ಣೆದುರಿಗೆ, ಮಳೆಯಲ್ಲಿ ನೆನೆಯುತ್ತ ನಿಂತೇ ಕಾಯಬೇಕು. ನಮ್ಮ ಕಾನೂನುಗಳು ವರ್ಷ ಎಣಿಸುವುದರ ಜತೆಗೆ ಗುಣವನ್ನೂ ಎಣಿಸುವಂತಾಗಬೇಕು; ಸೋರುವ ತಾರಸಿಗೆ ಸಕಾಲದಲ್ಲಿ ಗಾರೆ ಬೀಳಬೇಕು. ನೂರು ವರ್ಷ ಹಳೆಯ ಕಟ್ಟಡ ನಮಗೆ ಬೇಕೆಂದಾದರೆ, ಅದನ್ನು ಅದರ ಐವತ್ತನೆಯ ವರ್ಷದಲ್ಲಿ ಯಾರಾದರೂ ಉಳಿಸಿರಲೇಬೇಕು.