ಉತಾರ, ಆರ್‌ಸಿ, ಹಸಿರು ಪುಸ್ತಕ

ಮುಂಡಗೋಡ ತಾಲ್ಲೂಕಿನ ಸನವಳ್ಳಿ ಕಡೆಯ ರೈತನಿಗೂ ಟಿಬೆಟಿಯನ್ ಕ್ಯಾಂಪಿನ ರೈತನಿಗೂ ಮಳೆಗಾಲ ಒಂದೇ. ಇಬ್ಬರೂ ಬಿತ್ತುವುದು ಗೋವಿನಜೋಳ. ಇಬ್ಬರೂ ಹೆದರುವುದು ತೆನೆ ಕಟ್ಟುವ ಹೊತ್ತಿಗೆ ಕಾಡಿನಿಂದ ಇಳಿಯುವ ಆನೆಗೆ, ಹಂದಿಗೆ. ವ್ಯತ್ಯಾಸ ಇರುವುದು ಮನೆಯ ಟ್ರಂಕಿನೊಳಗೆ. ಸನವಳ್ಳಿಯವನು ಸೊಸೈಟಿಗೆ ಸಾಲಕ್ಕೆ ಹೊರಟರೆ ಹೊಲದ ಒಡೆತನ ಹೇಳುವ ಉತಾರ ಮಡಚಿ ಅಂಗಿಯ ಕಿಸೆಗೆ ಇಟ್ಟುಕೊಳ್ಳುತ್ತಾನೆ. ಕ್ಯಾಂಪಿನವನ ಟ್ರಂಕಿನಲ್ಲಿ ಇರುವುದು ಆರ್‌ಸಿ, ಅಂದರೆ ವಿದೇಶೀಯರಿಗೆ ಕೊಡುವ ನೋಂದಣಿ ಪತ್ರ. ಕಾಲಕಾಲಕ್ಕೆ ಅದಕ್ಕೆ ಮುದ್ರೆ ಒತ್ತಿಸಬೇಕು. ಅವನು ಹುಟ್ಟಿದ್ದು ಇಲ್ಲೇ, ಸಂತೆಯಲ್ಲಿ ಚೌಕಾಸಿ ಮಾಡುವುದು ಈ ಕಡೆಯ ಕನ್ನಡದಲ್ಲೇ. ಆದರೂ ಕಾಗದದ ಲೆಕ್ಕದಲ್ಲಿ ಪರದೇಶದವನು.

ಈ ಎರಡು ಕಾಗದಗಳ ನಡುವಿನ ಅಂತರಕ್ಕೆ ಅರವತ್ತು ವರ್ಷ ಮೀರಿದ ಚರಿತ್ರೆ ಇದೆ. ಅದರ ಎಳೆಗಳು ಲಾಸಾಕ್ಕೂ ಅಸ್ಸಾಮಿಗೂ ಹೋಗುತ್ತವೆ. ಒಂದು ಎಳೆ ಅಮೆರಿಕದ ಅಂತರ್ಯುದ್ಧದವರೆಗೂ ಹೋಗುತ್ತದೆ.

1959ರ ಮಾರ್ಚ್ ಕೊನೆಯಲ್ಲಿ ದಲೈ ಲಾಮಾ ತವಾಂಗ್ ಕಡೆಯಿಂದ ಭಾರತದೊಳಗೆ ಕಾಲಿಟ್ಟರು. ಹಿಂದೆಯೇ ಸಾವಿರಾರು ಜನ ಬಂದರು. ಅವರಿಗೆ ನೆಲ ಕೊಡಿ ಎಂದು ನೆಹರೂ ರಾಜ್ಯಗಳನ್ನು ಕೇಳಿದಾಗ ಮೈಸೂರು ರಾಜ್ಯ ಮುಂದೆ ಬಂತು. ಮೊದಲ ನೆಲೆ ಬೈಲಕುಪ್ಪೆಯಲ್ಲಿ ಎದ್ದಿತು. 1966ರಲ್ಲಿ, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, ಮುಂಡಗೋಡದ ಸರದಿ. ಸುಮಾರು 4000 ಎಕರೆ ಕಾಡು. ಮರ ಕಡಿದು, ಬೇರು ಕಿತ್ತು, ಸುಟ್ಟು ಹೊಲ ಮಾಡಬೇಕಿತ್ತು. ಹಿಮದ ಗಾಳಿಗೆ ಒಗ್ಗಿದ್ದ ಮೈಗೆ ಇಲ್ಲಿನ ಸೆಕೆ, ಸೊಳ್ಳೆ, ಜಡಿಮಳೆ. ಅವರ ಪುನರ್ವಸತಿಗೆ ನೆರವಾಗಲೆಂದೇ 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ. ಇಂದು ರಾಜ್ಯದ ಹಳ್ಳಿಗಳಲ್ಲಿ ಸ್ವಸಹಾಯ ಸಂಘಗಳ ಹೆಸರಿನ ಜೊತೆ ಕೇಳುವ ಮೈರಾಡ ಅದೇ. ಅದರ ಮೊದಲ ಕೆಲಸ ಟಿಬೆಟಿಯನ್ನರಿಗಾಗಿ ಎಂಬುದು ಎಷ್ಟೋ ಸಂಘದ ಸದಸ್ಯೆಯರಿಗೆ ಗೊತ್ತಿರಲಿಕ್ಕಿಲ್ಲ.

1969ರಲ್ಲಿ ಸನ್ಯಾಸಿಗಳು ಬಂದರು. ಅದುವರೆಗೆ ಅವರು ಇದ್ದದ್ದು ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಹಳೆಯ ಬಂದೀಖಾನೆಯಲ್ಲಿ. ಅಲ್ಲಿನ ಉಸಿರುಗಟ್ಟುವ ಹವೆಗೆ ಕ್ಷಯ ಹಬ್ಬಿ ಹಲವರು ಸತ್ತರು. ಉಳಿದವರಲ್ಲಿ ಗಾಂಡೆನ್ ಮತ್ತು ಡ್ರೆಪುಂಗ್ ಮಠದವರು ಮುಂಡಗೋಡಕ್ಕೆ ಬಂದು ಲಾಮಾ ಕ್ಯಾಂಪ್ 1, ಲಾಮಾ ಕ್ಯಾಂಪ್ 2 ಕಟ್ಟಿದರು. ಸಂಜೆ ಆ ಕಡೆ ಹೋದರೆ ದೂರದಿಂದಲೇ ಚಪ್ಪಾಳೆ ಕೇಳುತ್ತದೆ. ಭಜನೆಯೇನೋ ಅಂದುಕೊಂಡರೆ ಅಲ್ಲ. ಅಂಗಳದಲ್ಲಿ ಒಬ್ಬ ಸನ್ಯಾಸಿ ನೆಲದ ಮೇಲೆ ಕೂತಿರುತ್ತಾನೆ, ಇನ್ನೊಬ್ಬ ನಿಂತಿರುತ್ತಾನೆ. ನಿಂತವನು ಪ್ರಶ್ನೆ ಎಸೆಯುತ್ತ ಎಡಗಾಲು ಎತ್ತಿ ನೆಲಕ್ಕೆ ಅಪ್ಪಳಿಸುತ್ತಾನೆ, ಅದೇ ಕ್ಷಣಕ್ಕೆ ಬಲಗೈಯನ್ನು ಎಡಗೈ ಮೇಲೆ ಚಟ್ಟನೆ ಹೊಡೆಯುತ್ತಾನೆ. ಕೂತವನು ಉತ್ತರ ಕೊಡಬೇಕು. ತಡವರಿಸಿದರೆ ಸುತ್ತಲಿನವರು ಹೋ ಎನ್ನುತ್ತಾರೆ. ತರ್ಕಶಾಸ್ತ್ರದ ಪಾಠ ನಡೆಯುವುದು ಹೀಗೆ.

ಈ ವಾದದ ಚಟ ಅಂಗಳಕ್ಕೆ ಮಾತ್ರ ನಿಲ್ಲಲಿಲ್ಲ. ದೇಶ ಕಳೆದುಕೊಂಡ ಒಂದೂವರೆ ವರ್ಷದಲ್ಲೇ, 1960ರ ಸೆಪ್ಟೆಂಬರ್ 2ರಂದು, ಟಿಬೆಟಿಯನ್ನರ ಮೊದಲ ಚುನಾಯಿತ ಪ್ರತಿನಿಧಿಗಳು ಪ್ರಮಾಣವಚನ ತೆಗೆದುಕೊಂಡರು. 1963ರಲ್ಲಿ ಸಂವಿಧಾನವೊಂದು ಸಿದ್ಧವಾಯಿತು. ಜನಪ್ರತಿನಿಧಿಗಳ ಮೂರನೇ ಎರಡರಷ್ಟು ಬಹುಮತದಿಂದ ದಲೈ ಲಾಮಾರ ಅಧಿಕಾರವನ್ನೇ ತೆಗೆಯಬಹುದು ಎಂಬ ಕಲಮು ಅದರಲ್ಲಿತ್ತು. ಜನ ಕಿವಿ ಮುಚ್ಚಿಕೊಂಡರು, ಬೇಡವೆಂದರು. ಇರಲಿ ಎಂದು ಹಟ ಹಿಡಿದವರು ಸ್ವತಃ ದಲೈ ಲಾಮಾ. 1991ರಲ್ಲಿ ಹೊಸ ಸನದು ಬಂತು. 2011ರಲ್ಲಿ ಅವರು ರಾಜಕೀಯ ಅಧಿಕಾರವನ್ನು ಪೂರ್ತಿ ಬಿಟ್ಟುಕೊಟ್ಟರು. ಗಡಿಯಿಲ್ಲದ, ಪೊಲೀಸರಿಲ್ಲದ, ಯಾವ ದೇಶದ ಮಾನ್ಯತೆಯೂ ಇಲ್ಲದ ಸರ್ಕಾರ ಈ ಟಿಬೆಟಿಯನ್ ಆಡಳಿತ. ಆದರೆ ಐದು ವರ್ಷಕ್ಕೊಮ್ಮೆ ಚುನಾವಣೆ ತಪ್ಪುವುದಿಲ್ಲ.

ಆ ಚುನಾವಣೆಯ ದಿನ ಮುಂಡಗೋಡದ ಕ್ಯಾಂಪುಗಳಲ್ಲಿ ಮತಗಟ್ಟೆ ಇರುತ್ತದೆ. ಕೈಯಲ್ಲಿ ಹಸಿರು ಪುಸ್ತಕ ಬೇಕು. ಆ ಆಡಳಿತಕ್ಕೆ ಪ್ರತಿ ವರ್ಷ ಕಟ್ಟುವ ಸಣ್ಣ ಕಾಣಿಕೆಯ ಲೆಕ್ಕ ಅದರಲ್ಲಿರುತ್ತದೆ. ಇಲ್ಲಿ ಒಂದು ಸೋಜಿಗವಿದೆ. ಮುಂಡಗೋಡದ ಹುಡುಗಿ ಮುಂಡಗೋಡದ ಪ್ರತಿನಿಧಿಗೆ ಮತ ಹಾಕುವುದಿಲ್ಲ. ಅವಳ ಅಜ್ಜ ಟಿಬೆಟ್‌ನ ಮೂರು ಪ್ರಾಂತಗಳಲ್ಲಿ ಯಾವುದರಿಂದ ಬಂದನೋ ಆ ಪ್ರಾಂತದವರಿಗೆ ಹಾಕುತ್ತಾಳೆ. ತಾನು ನೋಡಿರದ, ಬಹುಶಃ ನೋಡಲಾಗದ ಮತಕ್ಷೇತ್ರ. ಸನ್ಯಾಸಿಗಳಿಗೆ ಪ್ರಾಂತದ ಮತವಲ್ಲದೆ ತಮ್ಮ ಪಂಥದ ಮತವೂ ಉಂಟು. 45 ಸ್ಥಾನಗಳ ಸಂಸತ್ತಿನಲ್ಲಿ ಹತ್ತು ಪಂಥಗಳಿಗೇ ಮೀಸಲು. ಒಬ್ಬರಿಗೆ ಎರಡು ಮತ ಯಾವ ನ್ಯಾಯ ಎಂಬ ಜಗಳ ಅವರಲ್ಲೇ ಇದೆ, ಇರಬೇಕಾದದ್ದೇ.

ಇನ್ನು ಭಾರತದ ಮತ. ಅದಕ್ಕೆ ಪೌರತ್ವ ಬೇಕು; ಪೌರತ್ವದ ಮಾತಿಗೆ ಮೊದಲು ಸ್ವಲ್ಪ ಅಮೆರಿಕಕ್ಕೆ ಹೋಗಿಬರಬೇಕು.

ಆಫ್ರಿಕಾ ಮೂಲದವರು, ಗುಲಾಮರಿರಲಿ ಬಿಡುಗಡೆಯಾದವರಿರಲಿ, ಅಮೆರಿಕದ ಪ್ರಜೆಗಳಾಗಲಾರರು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1857ರಲ್ಲಿ ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ನಾಲ್ಕು ವರ್ಷಕ್ಕೆ ಅಂತರ್ಯುದ್ಧ ಹೊತ್ತಿತು. ಯುದ್ಧ ಮುಗಿದ ಮೇಲೆ, 1868ರಲ್ಲಿ, ಸಂವಿಧಾನದ 14ನೇ ತಿದ್ದುಪಡಿ ಆ ತೀರ್ಪನ್ನು ಅಳಿಸಿತು: ಈ ನೆಲದಲ್ಲಿ ಹುಟ್ಟಿ ಇಲ್ಲಿನ ಕಾನೂನಿಗೆ ಒಳಪಟ್ಟವರು ಈ ನೆಲದ ಪ್ರಜೆಗಳು. ಚೀನೀ ತಂದೆತಾಯಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ವಾಂಗ್ ಕಿಮ್ ಆರ್ಕ್‌ನಿಗೂ ಅದು ಅನ್ವಯಿಸುತ್ತದೆ ಎಂದು 1898ರಲ್ಲಿ ಕೋರ್ಟ್ ಹೇಳಿತು.

ಭಾರತದ ಸಂವಿಧಾನ ಸಭೆಯಲ್ಲಿ ಪೌರತ್ವದ ವಿಧಿ ಬಂದಾಗ, ಕರಡು ಸಮಿತಿಗೆ ಇಷ್ಟು ತಲೆನೋವು ತಂದ ವಿಧಿ ಇನ್ನೊಂದನ್ನು ಬಿಟ್ಟರೆ ಬೇರೆ ಇಲ್ಲವೆಂದು ಅಂಬೇಡ್ಕರ್ ಹೇಳಿದ್ದರು. ದೇಶವಿಭಜನೆಯ ಗಾಯ ಹಸಿಯಾಗಿತ್ತು. ಆದರೂ 1955ರ ಪೌರತ್ವ ಕಾಯ್ದೆ ಹುಟ್ಟಿನ ನೆಲವನ್ನೇ ಹಿಡಿಯಿತು. 1950ರ ಜನವರಿ 26ರ ನಂತರ ಭಾರತದಲ್ಲಿ ಹುಟ್ಟಿದವರು, ರಾಜತಾಂತ್ರಿಕರ ಮಕ್ಕಳಂಥ ಕೆಲವರನ್ನು ಬಿಟ್ಟರೆ, ಭಾರತೀಯರು. ಅಪ್ಪ ಅಮ್ಮ ಯಾರೆಂದು ಕೇಳುವ ಹಾಗಿಲ್ಲ. ಹಾಗೆ ನೋಡಿದರೆ 1966ರ ನಂತರ ಮುಂಡಗೋಡದ ತಗಡಿನ ಸೂರಿನಡಿ ಕಣ್ಣು ಬಿಟ್ಟ ಪ್ರತಿ ಕೂಸೂ ಭಾರತೀಯ ಕೂಸು. ಯಾರೂ ಹಾಗೆ ನೋಡಲಿಲ್ಲ, ಅಷ್ಟೆ. ಹದಿನಾರು ತುಂಬುವ ಹೊತ್ತಿಗೆ ಅದಕ್ಕೂ ಒಂದು ಆರ್‌ಸಿ ಮಾಡಿಸುತ್ತಿದ್ದರು.

ಆಮೇಲೆ ಅಸ್ಸಾಂ ಉರಿಯಿತು. ಗಡಿಯಾಚೆಯಿಂದ ಬಂದವರ ವಿರುದ್ಧದ ಚಳವಳಿ 1985ರ ಅಸ್ಸಾಂ ಒಪ್ಪಂದಕ್ಕೆ ಬಂದು ನಿಂತಿತು. ಮರುವರ್ಷ ಸಂಸತ್ತು ಕಾಯ್ದೆ ತಿದ್ದಿತು. 1987ರ ಜುಲೈ 1ರಿಂದ ಹುಟ್ಟಿದರಷ್ಟೇ ಸಾಲದು, ತಂದೆತಾಯಿಯಲ್ಲಿ ಒಬ್ಬರಾದರೂ ಪ್ರಜೆಯಾಗಿರಬೇಕು. 2004ರ ಡಿಸೆಂಬರ್ 3ರಿಂದ ಕಟ್ಟು ಇನ್ನೂ ಬಿಗಿಯಾಯಿತು. ಟಿಬೆಟ್‌ನಲ್ಲಿ ಹುಟ್ಟಿದ ದಂಪತಿಗೆ ಮುಂಡಗೋಡದಲ್ಲಿ 1986ರಲ್ಲಿ ಮಗ, 1988ರಲ್ಲಿ ಮಗಳು ಹುಟ್ಟಿದರೆನ್ನಿ. ಕಾನೂನಿನ ಪ್ರಕಾರ ಅಣ್ಣ ಭಾರತೀಯ, ತಂಗಿ ವಿದೇಶಿ. ಊಟದ ತಟ್ಟೆ ಅಕ್ಕಪಕ್ಕ. ಬ್ರಹ್ಮಪುತ್ರೆಯ ದಂಡೆಯ ಸಿಟ್ಟಿಗೂ ಈ ಮನೆಗೂ ಏನು ಸಂಬಂಧ ಎಂದು ಆ ತಂಗಿ ಕೇಳಿದರೆ ಉತ್ತರಿಸುವುದು ಕಷ್ಟ.

ಅಣ್ಣನ ಹಕ್ಕನ್ನು ನ್ಯಾಯಾಲಯದಲ್ಲಿ ಮೊದಲು ಗೆದ್ದುಕೊಂಡದ್ದು 1986ರಲ್ಲಿ ಕಾಂಗ್ರಾದಲ್ಲಿ ಹುಟ್ಟಿದ ನಮ್‌ಗ್ಯಾಲ್ ಡೋಲ್ಕರ್ ಎಂಬ ಯುವತಿ. 2010ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್, ತನ್ನನ್ನು ಟಿಬೆಟಿಯನ್ ಎಂದು ಬರೆದುಕೊಂಡ ಮಾತ್ರಕ್ಕೆ ಹುಟ್ಟಿನಿಂದ ಬಂದ ಪೌರತ್ವ ಬಿದ್ದುಹೋಗುವುದಿಲ್ಲ ಎಂದಿತು. 2013ರಲ್ಲಿ ಇದೇ ಪ್ರಶ್ನೆ ಕರ್ನಾಟಕ ಹೈಕೋರ್ಟಿಗೆ ಬಂತು. ಅರ್ಜಿದಾರರು 1985ರಲ್ಲಿ ಭಾರತದಲ್ಲೇ ಹುಟ್ಟಿ ಮುಂಡಗೋಡದ ಡ್ರೆಪುಂಗ್ ಮಠದಲ್ಲಿ ಓದಿದ ಲಿಂಗ್ ರಿಂಪೋಚೆ. ದಲೈ ಲಾಮಾರ ಗುರುವಿನ ಪುನರ್ಜನ್ಮ ಎಂದು ಟಿಬೆಟಿಯನ್ನರು ನಂಬುವವರು. ಕಾನೂನು ಹಿಂದಿನ ಜನ್ಮವನ್ನು ಕೇಳಲಿಲ್ಲ, ಈ ಜನ್ಮದ ತಾರೀಖು ನೋಡಿತು. ಅದು 1987ಕ್ಕೆ ಹಿಂದಿನದು. ಮರುವರ್ಷ ಚುನಾವಣಾ ಆಯೋಗ ಅಂಥವರನ್ನು ಮತದಾರರ ಪಟ್ಟಿಗೆ ಸೇರಿಸಲು ರಾಜ್ಯಗಳಿಗೆ ಸೂಚಿಸಿತು.

ಬಾಗಿಲು ತೆರೆದರೂ ಜನ ನುಗ್ಗಲಿಲ್ಲ. ಅಜ್ಜ ಅಜ್ಜಿಯರ ಮಾತು ಒಂದೇ: ನಾವು ಬಂದದ್ದು ವಾಪಸ್ ಹೋಗುವುದಕ್ಕೆ. ಚಳಿಗಾಲದಲ್ಲಿ ಲುಧಿಯಾನದಿಂದ ಸ್ವೆಟರ್ ತಂದು ಊರೂರು ಮಾರುವ ತಾಯಂದಿರ ಮಕ್ಕಳ ಲೆಕ್ಕ ಬೇರೆ: ಸರ್ಕಾರಿ ನೌಕರಿ, ಪಾಸ್‌ಪೋರ್ಟ್, ಸ್ವಂತ ಹೆಸರಿನ ಜಾಗ. 2017ರಲ್ಲಿ ಪಾಸ್‌ಪೋರ್ಟ್‌ಗೆ ಷರತ್ತು ಬಂತು. ಆರ್‌ಸಿ ಒಪ್ಪಿಸಬೇಕು, ಟಿಬೆಟಿಯನ್ ಆಡಳಿತದ ಸವಲತ್ತು ಬಿಡಬೇಕು, ಕ್ಯಾಂಪಿನಲ್ಲಿ ವಾಸ ಮಾಡಬಾರದು. ಪ್ರಜೆಯಾಗಬೇಕಾದರೆ ಹುಟ್ಟಿದ ಮನೆ ಬಿಡು ಎಂದಂತೆ. ಹುಟ್ಟಿದ ನೆಲದಿಂದಲೇ ಬಂದ ಹಕ್ಕಿಗೆ ಇಂಥ ಷರತ್ತು ವಿಚಿತ್ರವೇ.

ಇದೇ ತಾಲ್ಲೂಕಿನಲ್ಲಿ, ಪಕ್ಕದ ಯಲ್ಲಾಪುರ, ಹಳಿಯಾಳಗಳಲ್ಲಿ, ಕತೆ ತಿರುಗಾಮುರುಗಾ ಆದವರೂ ಇದ್ದಾರೆ. ಪೋರ್ಚುಗೀಸರ ಗೋವಾಕ್ಕೆ ಆಫ್ರಿಕಾದಿಂದ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಸಿದ್ದಿಗಳು. 1950ರಿಂದಲೂ ಪೂರ್ಣ ಪ್ರಜೆಗಳು. ಆದರೂ ಬಸ್ಸಿನಲ್ಲಿ ಅವರ ಗುಂಗುರು ಕೂದಲು ನೋಡಿ ಯಾವ ದೇಶ ಎಂದು ಕೇಳುವವರು ಸಿಗುತ್ತಾರೆ. ಉತ್ತರ ಬರುವುದು ನಮ್ಮದೇ ಕನ್ನಡದಲ್ಲಿ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ; 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು.

ಕ್ಯಾಂಪಿನಿಂದ ಮಾತ್ರ ಜನ ಹೊರಡುತ್ತಲೇ ಇದ್ದಾರೆ. 1990ರ ಕಾಯ್ದೆಯಲ್ಲಿ ಅಮೆರಿಕ ಭಾರತ ಮತ್ತು ನೇಪಾಳದ ಟಿಬೆಟಿಯನ್ನರಿಗೆ 1000 ವೀಸಾ ಕೊಟ್ಟಿತು; ಹೋದವರು ಮನೆಯವರನ್ನು ಕರೆಸಿಕೊಂಡರು. ನ್ಯೂಯಾರ್ಕ್‌ನಲ್ಲಿ ಅವರಿಗೆ ಹುಟ್ಟಿದ ಮಕ್ಕಳು 14ನೇ ತಿದ್ದುಪಡಿಯ ಬಲದಲ್ಲಿ ಹುಟ್ಟುತ್ತಲೇ ಅಮೆರಿಕನ್ನರು. ಅಂಥ ಒಬ್ಬ ಮೊಮ್ಮಗ ಟಿಬೆಟಿಯನ್ ಹೊಸವರ್ಷದ ಲೋಸಾರ್ ಹಬ್ಬಕ್ಕೆ ಅಜ್ಜಿಯನ್ನು ನೋಡಲು ಮುಂಡಗೋಡಕ್ಕೆ ಬರುವುದಾದರೆ ವೀಸಾ ಒಂದೇ ಸಾಲದು. ಕ್ಯಾಂಪು ವಿದೇಶೀಯರಿಗೆ ನಿರ್ಬಂಧಿತ ಪ್ರದೇಶ. ಅಜ್ಜಿಯ ಮನೆಯಲ್ಲಿ ರಾತ್ರಿ ಮಲಗಲು ದೆಹಲಿಯ ಗೃಹ ಸಚಿವಾಲಯದ ಪರವಾನಗಿ ಬೇಕು, ಅರ್ಜಿ ಹಾಕಿ ತಿಂಗಳುಗಟ್ಟಲೆ ಮೊದಲೇ ಕಾಯಬೇಕು. ಸಿಗದಿದ್ದರೆ ಹುಬ್ಬಳ್ಳಿಯಲ್ಲಿ ಲಾಡ್ಜ್ ಹಿಡಿಯುತ್ತಾನೆ. ಆರ್‌ಸಿ ಹಿಡಿದ ಅಜ್ಜಿ ಬಸ್ ಹತ್ತಿ ಅಲ್ಲಿಗೇ ಹೋಗಿ ಬರುತ್ತಾಳೆ.