ಬೀಸದೇ ಹೋದ ಚಂಡಮಾರುತ

1882ರ ಜೂನ್ ತಿಂಗಳಲ್ಲಿ ಮುಂಬಯಿಯ ಮೇಲೆ ಚಂಡಮಾರುತವೆರಗಿ ಒಂದು ಲಕ್ಷ ಜನ ಮಡಿದರೆಂದು ಹಲವು ಪಟ್ಟಿಗಳಲ್ಲಿ ನಾವು ಓದುತ್ತೇವೆ. 1881ರ ಜನಗಣತಿಯಂತೆ ನಗರದ ಜನಸಂಖ್ಯೆ 7,73,196. ಅಂದರೆ, ಎಂಟು ಮಂದಿಯಲ್ಲಿ ಒಬ್ಬರು ಸತ್ತಿರಬೇಕು. ಅಂಥ ಸಾವನ್ನು ಅಂದಿನ ಪತ್ರಿಕೆಗಳು ಹೇಗೆ ವರದಿ ಮಾಡಿದ್ದವು?

ಮಾಡಿಯೇ ಇರಲಿಲ್ಲ. ‘ದಿ ಗ್ರೇಟ್ ಡಿರೇಂಜ್‌ಮೆಂಟ್’ ಬರೆಯುವಾಗ ಅಮಿತಾವ್ ಘೋಷ್ ಹುಡುಕಿದರು, ಆಧಾರ ದೊರೆಯಲಿಲ್ಲ. ಹವಾಮಾನ ವಿಜ್ಞಾನಿ ಆಡಮ್ ಸೋಬೆಲ್ ಮತ್ತು ಸಂಗಡಿಗರು ಹಳೆಯ ದಾಖಲೆಗಳನ್ನು ಪರಿಶೀಲಿಸಿ, ಅಂಥ ಚಂಡಮಾರುತ ಬಂದೇ ಇರಲಿಲ್ಲವೆಂದು 2019ರಲ್ಲಿ ಪ್ರಕಟಿಸಿದರು.

ಪತ್ರಿಕೆಯ ಮೌನವನ್ನೇ ಸಾಕ್ಷ್ಯವೆನ್ನುವುದು ಸಾಮಾನ್ಯವಾಗಿ ಅಪಾಯಕಾರಿ. ಒಳನಾಡಿನ ಹಳ್ಳಿಯ ಬರವಾಗಲಿ, ಕೂಲಿಕಾರರ ಗುಡಿಸಲಿಗೆ ನುಗ್ಗಿದ ನೀರಾಗಲಿ ಆಗಿನ ಇಂಗ್ಲಿಷ್ ಪತ್ರಿಕೆಗಳ ಕಣ್ಣಿಗೆ ಬೀಳದೇ ಹೋಗಿರಬಹುದು. ಬಂದರಿನ ಸಂಗತಿ ಹಾಗಲ್ಲ. ಯಾವ ಹಡಗು ಬಂತು, ಯಾವುದು ಹೊರಟಿತು ಎಂಬುದು ಅವುಗಳ ವ್ಯಾಪಾರಿ ಓದುಗರಿಗೆ ಲಾಭನಷ್ಟದ ಮಾತು. 1854ರ ಬಿರುಗಾಳಿ ನಾಲ್ಕೇ ತಾಸಿನಲ್ಲಿ ಐದು ಲಕ್ಷ ಪೌಂಡ್ ಬೆಲೆಯ ಸ್ವತ್ತನ್ನು, ಸುಮಾರು ಸಾವಿರ ಜೀವಗಳನ್ನು ನುಂಗಿದ್ದು ಮುಂಬಯಿಯ ಗೆಜೆಟಿಯರಿನಲ್ಲಿ ದಾಖಲಾಗಿದೆ. ಅದರ ನೂರುಪಟ್ಟು ಸಾವು ಮಾತ್ರ ಗುರುತಿಲ್ಲದೆ ಅಳಿಸಿಹೋಯಿತೆಂದು ನಾವು ನಂಬುವುದು ಹೇಗೆ?

ಹಳೆಯ ಪತ್ರಿಕೆಗಳು ಇಲ್ಲದ ಗಾಳಿಯನ್ನು ಅಲ್ಲಗಳೆಯುವುದಕ್ಕಷ್ಟೇ ಒದಗುವುದಿಲ್ಲ. ಜಾರ್ಜ್ ಆಡಮ್ಸನ್ ಮತ್ತು ಡೇವಿಡ್ ನ್ಯಾಶ್ ಎಂಬ ಭೂಗೋಳ ವಿದ್ವಾಂಸರು ಪತ್ರಿಕೆ, ದಿನಚರಿ, ಕಾಗದಪತ್ರಗಳಿಂದ ಪಶ್ಚಿಮ ಭಾರತದ ಮಳೆಯ ಚರಿತ್ರೆಯನ್ನು 1781ರವರೆಗೆ ಹಿಂದಕ್ಕೊಯ್ದಿದ್ದಾರೆ. ಇಲ್ಲಿನ ತೊಡಕನ್ನು ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ: ಮೇ ಕೊನೆಯ ಗುಡುಗಿನ ಮಳೆ ಬೇರೆ, ಹಿಡಿದು ಸುರಿಯುವ ಮುಂಗಾರು ಬೇರೆ. ಸಂಪಾದಕನೊಬ್ಬ ‘ಮಳೆ ಬಂತು’ ಎಂದರೆ ಯಾವ ಮಳೆ? ಮರುದಿನಗಳ ಸಂಚಿಕೆಗಳನ್ನೂ ಓದದೆ ತೀರ್ಮಾನಿಸಲಾಗದು. ‘ಈ ವರ್ಷ ತಡವಾಯಿತು’ ಎಂಬ ಗೊಣಗಾಟವಂತೂ ಬರೆದವನ ನೆನಪಿನ ಅಳತೆಯದು. ಆದರೂ ಕೆಲವು ಸಂಪಾದಕರ ಮಾತಿಗೆ ಹೆಚ್ಚಿನ ತೂಕ ಕೊಡಬಹುದೆಂದು ನಮಗೆ ತೋರುತ್ತದೆ. ‘ಬಾಂಬೆ ಟೈಮ್ಸ್’ನ ಜಾರ್ಜ್ ಬ್ಯೂಯಿಸ್ಟ್ 1840ರ ದಶಕದಲ್ಲಿ ಕೊಲಾಬಾ ವೀಕ್ಷಣಾಲಯದ ಹೊಣೆಯನ್ನೂ ಹೊತ್ತಿದ್ದವನು.

ಮುಂಬಯಿಗೆ ಚಂಡಮಾರುತದ ಭಯವೇ ಇಲ್ಲವೆಂದು ಇದರ ಅರ್ಥವಲ್ಲ. 1882ರದು ಸುಳ್ಳಾದರೂ 1854ರದು ನಿಜ. 1948ರ ನವೆಂಬರಿನದೂ ನಿಜ. ಇಂದು ಆ ಕಡಲಂಚಿನಲ್ಲಿ ಅಂದಿಗಿಂತ ಎಷ್ಟೋ ಪಟ್ಟು ಹೆಚ್ಚು ಜನ ವಾಸಿಸುತ್ತಿದ್ದಾರೆ, ನಮ್ಮವರೂ ಅವರಲ್ಲಿದ್ದಾರೆ.